ಅಂಚಿನೊಳಗೆ ನಾಲ್ಕು ಬೆರಳು

“ಇಷ್ಟೇನಾ ಅಣ್ಣ ಉಳಿದಿದ್ದು?”

ನರ್ಸಮ್ಮ ಪೊಟ್ಟಣ ಬಿಚ್ಚಿ ನೋಡಿದಳು. ಅಂಗೈಯಗಲದ ಎರಡು ನೀಲಿ ಚೂರು.

ದರ್ಜಿ ಸೂಜಿಗೆ ದಾರ ಪೋಣಿಸುತ್ತಿದ್ದ. ದಾರ ಆಗಲೇ ಪೋಣಿಸಿಯಾಗಿತ್ತು; ಎಳೆದು ಮತ್ತೆ ಪೋಣಿಸಿದ. “ಬಟ್ಟೆ ಅಗಲ ಕಮ್ಮಿ ಇತ್ತು, ನರ್ಸಮ್ಮ.”

“ಹೌದಾ. ದೊಡ್ಡವಳ ಶಾಲೆ ಲಂಗಕ್ಕೆ ಆಗಿ ಮಿಕ್ಕಿದ್ರಲ್ಲಿ ಚಿಕ್ಕವಳಿಗೂ ಒಂದು ಆಗುತ್ತೆ ಅಂದ್ಕೊಂಡಿದ್ದೆ. ಸಂಬಳ ಬಂದು ಮೂರು ತಿಂಗಳಾಯ್ತು ನೋಡಿ.” ಆಮೇಲೆ ಅವಳೇ ನಕ್ಕಳು. “ಹೋಗ್ಲಿ ಬಿಡಿ. ನೀವೇ ಉಳಿದಿಲ್ಲ ಅಂದ್ಮೇಲೆ ಉಳಿದಿಲ್ಲ.”

ಬೀದಿಯಲ್ಲಿ ಅವನ ಹೆಸರೇ ಚೂರುಪಾರು. ಅಂಗಿಯ ಜೊತೆ ಅದರ ಚಿಂದಿಯನ್ನೂ ಪೊಟ್ಟಣ ಕಟ್ಟಿ ಕೊಡುವ ಆಸಾಮಿ. ಬೇರೆ ದರ್ಜಿಗಳ ಕತ್ತರಿ ಗಿರಾಕಿಯ ಜೇಬಿಗೂ ತಾಗುತ್ತಿತ್ತು, ಇವನದು ತಾಗಿದರೆ ಸ್ವಂತ ಹೊಟ್ಟೆಗೆ. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಊರು ಹೊಸ ಬಟ್ಟೆ ಬಿಟ್ಟು ತೇಪೆಗೆ ಇಳಿಯಿತು. ಆಮೇಲೆ ತೇಪೆಯನ್ನೂ ಮನೆಯಲ್ಲೇ ಹಾಕಿಕೊಳ್ಳತೊಡಗಿತು.

ಇಪ್ಪತ್ತು ವರ್ಷದಿಂದ ಹೆಂಡತಿ ಬೆಳಿಗ್ಗೆ ಒಲೆ ಹಚ್ಚಿ ಒಂದೇ ಮಾತು ಕೇಳುತ್ತಿದ್ದಳು: “ರೀ, ನಿಮ್ಮ ನಿಯತ್ತನ್ನ ಇವತ್ತು ಬೇಯಿಸ್ಲಾ, ಹುರೀಲಾ?”

“ನಿನ್ನೆ ಬೇಯಿಸಿದ್ಯಲ್ಲ, ಇವತ್ತು ಹುರಿ,” ಅನ್ನುತ್ತಿದ್ದ. ಇಬ್ಬರೂ ನಗುತ್ತಿದ್ದರು. ಪಾತ್ರೆ ಬರಿದಾಗಿದ್ದ ದಿನವೂ ಆ ಮಾತು ತಪ್ಪಿರಲಿಲ್ಲ.

ಮಗಳು ಏನನ್ನೂ ಕೇಳಿದವಳಲ್ಲ. ಶಾಲೆಯ ನೀಲಿ ಲಂಗ ಬಣ್ಣ ಮಾಸಿದ ಕಡೆಯೆಲ್ಲ ಶಾಯಿ ಬಳಿದುಕೊಂಡು ಹೋಗುತ್ತಿದ್ದಳು. ಬೆವರಿಗೆ ಶಾಯಿ ಇಳಿದು ಮೊಣಕಾಲು ನೀಲಿಯಾಗಿತ್ತು. ಸೋಮವಾರದಿಂದ ಸರಿಯಾದ ಸಮವಸ್ತ್ರ ಇಲ್ಲದಿದ್ದರೆ ಬರಬೇಡ ಅಂತ ಶಾಲೆಯಲ್ಲಿ ಅಂದಿದ್ದರು.

ನರ್ಸಮ್ಮ ತಿರುವು ದಾಟಿದ ಮೇಲೆ ಅವನು ಮಿಷನ್ನಿನ ಹಲಗೆ ಎತ್ತಿದ. ಅಡಿಯಲ್ಲಿ ಮಡಿಚಿಟ್ಟ ನೀಲಿ ಬಟ್ಟೆ. ತಲೆ ಎತ್ತಿದರೆ ಒಳಬಾಗಿಲಲ್ಲಿ ಹೆಂಡತಿ. ಯಾವಾಗಿನಿಂದ ನಿಂತಿದ್ದಳೋ. ತಿರುಗಿ ಒಳಗೆ ಹೋದಳು.

ಸೋಮವಾರ ಮಗಳು ಹೊಸ ಲಂಗ ತೊಟ್ಟು ಗಿರಗಿರ ತಿರುಗಿದಳು. “ಅಮ್ಮ, ಹೇಗಿದೆ?”

ಹೆಂಡತಿ ಹೊಲಿಗೆಯ ಮೇಲೆ ಬೆರಳಾಡಿಸಿದಳು. “ಚೆನ್ನಾಗಿದೆ ಮಗ.”

ಒಲೆ ಹತ್ತಿತು. ದರ್ಜಿ ಕಾದ. ನೀರು ಕುದಿಯಿತು. ಮತ್ತೂ ಕಾದ.

“ಏನೂ ಕೇಳಲ್ವೇನೇ ಇವತ್ತು?”

“ಏನು ಕೇಳ್ಲಿ?” ಬೆನ್ನು ಹಾಕಿಕೊಂಡೇ ಅಂದಳು. ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

ಅವನು ಹೊಸ್ತಿಲಿಗೆ ಬಂದು ನಿಂತ. ಮಗಳು ಬೀದಿಯಲ್ಲಿ ಕುಣಿಯುತ್ತ ಹೋಗುತ್ತಿದ್ದಳು, ಹೆಜ್ಜೆಹೆಜ್ಜೆಗೂ ಲಂಗದ ಅಂಚು ಭಾರಕ್ಕೆ ತೂಗುತ್ತಿತ್ತು. ಅವಳು ಬೆಳೆದಂತೆಲ್ಲ ಬಿಚ್ಚಿ ಇಳಿಸಲೆಂದು ಒಳಗೆ ನಾಲ್ಕು ಬೆರಳು ಬಟ್ಟೆ ಮಡಿಚಿ ಹೊಲಿದಿದ್ದ. ವರ್ಷಕ್ಕೊಂದು ಬೆರಳಿನಂತೆ ಇಳಿಸಿದರೆ ನಾಲ್ಕು ವರ್ಷ ಬರುತ್ತದೆ.