ಫುಟ್‌ವಾಲ್ವಿನ ಬಿಲ್ಲೆ

ತಾಲೀಮಿನ ಹೊತ್ತಿನಲ್ಲಿ ವೆಂದುಲಾಳ ಕೈಯಿಂದ ಫುಟ್‌ವಾಲ್ವ್ ಜಾರಿ ಕಾಂಕ್ರೀಟಿನ ಮೇಲೆ ಬಿತ್ತು. ಬಿದ್ದ ಸದ್ದು ಅಷ್ಟೇನೂ ದೊಡ್ಡದಿರಲಿಲ್ಲ. ಆದರೂ ಊರ ಅಗ್ನಿಶಾಮಕ ಪಡೆಯ ಏಳೂ ಹೆಂಗಸರು ನಿಂತಲ್ಲೇ ನಿಂತರು.

ವೆಂದುಲಾ ನನ್ನ ಹೆಂಡತಿ. ಊರೂರಿನ ಪಡೆಗಳ ನಡುವಿನ ಪಂದ್ಯದಲ್ಲಿ ನೀರೆಳೆಯುವ ಸಕ್ಷನ್ ಪೈಪಿನ ತುದಿಗೆ ಫುಟ್‌ವಾಲ್ವ್ ತಿರುಗಿಸಿ ಕೂರಿಸಿ, ಅದನ್ನು ನೀರಿನ ತೊಟ್ಟಿಗೆ ಅದ್ದುವ ಕೆಲಸ ಅವಳದು. ಮಿಕ್ಕವರು ಪಂಪು ನಡೆಸಿ, ಪೈಪು ಹಿಡಿದು ಓಡಿ, ಎದುರಿನ ಎರಡು ಗುರಿಹಲಗೆಗಳನ್ನು ನೀರಿನ ಹೊಡೆತದಿಂದ ಬೀಳಿಸಬೇಕು. ಎಲ್ಲವೂ ಇಪ್ಪತ್ತು ಸೆಕೆಂಡಿನೊಳಗೆ. ಈಗ ಅವಳು ಬಿದ್ದ ವಾಲ್ವನ್ನು ಎತ್ತಿ ಒಳಗೆ ಬೆರಳಿಟ್ಟಳು. ನೀರನ್ನು ಒಳಗೆ ಬಿಟ್ಟುಕೊಂಡು ಹಿಂದಕ್ಕೆ ಹೋಗದಂತೆ ತಡೆಯುವ, ಅಂಗೈಯಗಲದ ಬಿಲ್ಲೆ ಎರಡು ಹೋಳಾಗಿತ್ತು.

ನಮ್ಮ ಪಡೆಗಿದ್ದ ವಾಲ್ವ್ ಅದೊಂದೇ. ಇಪ್ಪತ್ತೈದು ವರ್ಷದ ಹಿಂದೆ ಊರಿನ ಲೇತ್ ಕೆಲಸಗಾರನೊಬ್ಬ ತನ್ನ ಅಳತೆಗೆ ತಾನೇ ಮಾಡಿಕೊಟ್ಟಿದ್ದು. ಅವನೀಗ ಇಲ್ಲ, ಅವನ ಅಳತೆ ಬೇರೆ ಯಾರ ಬಳಿಯೂ ಇಲ್ಲ. ಪಂದ್ಯಕ್ಕೆ ಹನ್ನೊಂದು ದಿನ ಉಳಿದಿತ್ತು.

“ಕೆಳಗಿನ ಊರಿನವರತ್ರ ಎರಡಿದೆ. ಒಂದು ಕೇಳಿ ತಂದ್ರಾಯ್ತು,” ಎಂದರು ಮಾವ. ಬೊಹುಷ್ ಮಾವ ಪಡೆಯ ಹಿರಿಯರು. ನಲವತ್ತು ವರ್ಷ ಕಾರ್ಖಾನೆಯಲ್ಲಿ ಲೋಹ ಕೊರೆದವರು.

“ಹೋದ ವರ್ಷ ನಮಗೆ ಒಂದು ಕ್ಯಾನ್ ಪೆಟ್ರೋಲ್ ಕೊಟ್ಟು ಸಾಯಂಕಾಲದ ತನಕ ಮೈಕಲ್ಲಿ ಹೇಳಿದ್ದೇ ಹೇಳಿದ್ದು, ಮರೆತೋಯ್ತಾ ಅಪ್ಪ? ಅವರ ವಾಲ್ವ್ ಹಿಡ್ಕೊಂಡು ಓಡೋ ಬದಲು ಮನೇಲಿ ಕೂತು ಬಟಾಣಿ ಬಿಡಿಸ್ತೀನಿ,” ಎಂದಳು ವೆಂದುಲಾ.

“ಬಿಡಿಸು ಹಾಗಾದ್ರೆ. ಬುಟ್ಟಿ ತುಂಬ ಇದೆ.”

“ಬೇಕಾಗಿಲ್ಲ. ಹಿನೆಕ್ ಮಾಡ್ಕೊಡ್ತಾನೆ.”

ಎಲ್ಲರೂ ನನ್ನತ್ತ ತಿರುಗಿದರು. ನಾನು ಓದಿದ್ದು ತತ್ವಶಾಸ್ತ್ರ. ದುಡಿಯುವುದು ಜಿಲ್ಲೆಯ ಹಳೆಯ ದಾಖಲೆಗಳ ಕಚೇರಿಯಲ್ಲಿ, ಇಡೀ ದಿನ ಯಾರೊಡನೆಯೂ ಮಾತಾಡದೆ. ಮೂರು ಚಳಿಗಾಲ ಕೂತು ಗ್ಯಾರೇಜಿನಲ್ಲಿ ಕಂಪ್ಯೂಟರಿಗೆ ಕೊಟ್ಟ ಚಿತ್ರದಂತೆ ತಾನೇ ಕೊರೆಯುವ ಒಂದು ಸಿಎನ್‌ಸಿ ಯಂತ್ರ ಕಟ್ಟಿದ್ದೆ. ಕಾರು ಅಂದಿನಿಂದ ಹೊರಗೆ ಮಳೆಯಲ್ಲಿ ನಿಲ್ಲುತ್ತಿದೆ. ಆವರೆಗೆ ಅದರಲ್ಲಿ ಮಾಡಿದ್ದು ಬಾಗಿಲಿನ ಹೆಸರುಫಲಕ, ಚೀಸ್ ಕತ್ತರಿಸುವ ಹಲಗೆ, ಒಂದು ಸೆಟ್ಟು ಚದುರಂಗದ ಕಾಯಿ.

“ಅಳಿಯಂದಿರು ಚೀಸ್ ಹಲಗೆ ಮಾಡಿಕೊಡ್ತಾರೆ. ಅದನ್ನೇ ಪೈಪಿಗೆ ಸಿಕ್ಕಿಸಿ ಓಡ್ರಮ್ಮ,” ಎಂದರು ಮಾವ. ಎಲ್ಲರೂ ನಕ್ಕರು. ವೆಂದುಲಾ ನಗಲಿಲ್ಲ. ಹೋಳುಗಳನ್ನು ನನ್ನ ಕೈಗಿಟ್ಟಳು. ನನ್ನನ್ನು ಅವಳು ಕೇಳಿರಲೇ ಇಲ್ಲ. ಕೇಳದೆಯೇ ಹೇಳಿಬಿಟ್ಟಿದ್ದಳಲ್ಲ, ಅದೇ ನನ್ನನ್ನು ರಾತ್ರಿಯೆಲ್ಲ ಬೆಚ್ಚಗಿಟ್ಟಿತು, ಹೆದರಿಸಿತು ಕೂಡ.

ಹೋಳುಗಳನ್ನು ಜೋಡಿಸಿ ಅಳೆದು ಚಿತ್ರ ಬರೆದೆ. ಮೊದಲು ಬೀಚ್ ಎಂಬ ಗಟ್ಟಿ ಮರದಲ್ಲಿ ಕೊರೆದೆ. ಮರ ತಪ್ಪನ್ನು ಮುಚ್ಚಿಡುವುದಿಲ್ಲ, ಸುಟ್ಟ ವಾಸನೆಯಿಂದಲೇ ಹೇಳಿಬಿಡುತ್ತದೆ. ಕೀಲಿನ ತೂತು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಹೋಗಿದ್ದು ಮರದಿಂದಲೇ ಗೊತ್ತಾಯಿತು. ಆಮೇಲೆ ಬಿಳಿ ಪ್ಲಾಸ್ಟಿಕ್ಕು. ಅದು ಬಾಚಣಿಗೆಗೆ ಸಿಕ್ಕಿದ ಕೂದಲಿನಂತೆ ಉದ್ದುದ್ದ ಎಳೆಯಾಗಿ ಗಿರಗಿರ ತಿರುಗುವ ಕಟರಿಗೆ ಸುತ್ತಿಕೊಳ್ಳುತ್ತಿತ್ತು. ಬಿಲ್ಲೆ ವಾಲ್ವಿನಲ್ಲಿ ಚೆನ್ನಾಗಿ ಕೂತಿತು. ಪಂಪು ಎಳೆದ ಕೂಡಲೇ ಬಾಗಿಹೋಯಿತು. ಇನ್ನು ಅಲ್ಯೂಮಿನಿಯಮ್ಮೇ ಗತಿ. ನನ್ನ ಯಂತ್ರ ಅದುವರೆಗೆ ಲೋಹ ಮುಟ್ಟಿರಲಿಲ್ಲ.

ಅಲ್ಯೂಮಿನಿಯಂ ನೋಡುವುದಕ್ಕೆ ಸಾಧು. ಪ್ಲಾಸ್ಟಿಕ್ಕಿಗಿಟ್ಟ ವೇಗದಲ್ಲೇ ಹೋದೆ. ಕಟರಿನ ಬಿಸಿಗೆ ಅದು ಬೆಲ್ಲದ ಪಾಕದಂತೆ ಹಲ್ಲುಗಳ ನಡುವೆ ಮೆತ್ತಿಕೊಂಡಿತು. ಒಂದು ಕಟರ್ ಗುರುವಾರ ಮುರಿಯಿತು. ಇನ್ನೊಂದು ಶುಕ್ರವಾರ. ಎರಡು ತುಂಡು ಲೋಹ ಹಾಳಾಯಿತು. ಪಂದ್ಯದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ನನ್ನ ಹತ್ತಿರ ಒಂದು ಕಟರು, ಒಂದು ತುಂಡು ಉಳಿದಿತ್ತು.

ಲೋಹ ಅಂಟದಿರಲು ಸಾರಾಯಿ ಚಿಮುಕಿಸಬೇಕು ಎಂದು ನನ್ನಂಥ ಗ್ಯಾರೇಜಿನವರೆಲ್ಲ ಹೇಳುತ್ತಾರೆ. ನಮ್ಮ ಮೊರಾವಿಯಾ ಸೀಮೆಯಲ್ಲಿ ಅದಕ್ಕೇನು ಬರವಿಲ್ಲ. ಪ್ಲಮ್ ಸಾರಾಯಿ ಇಳಿಸುವಾಗ ಮೊದಲು ಬರುವ ಹನಿಗಳು ಕುಡಿಯಲು ಬಾರವು, ಮಂಡಿನೋವಿಗೆ ತಿಕ್ಕಲೆಂದು ಪ್ರತಿ ಮನೆಯಲ್ಲೂ ಒಂದು ಶೀಸೆ ಎತ್ತಿಟ್ಟಿರುತ್ತಾರೆ. ಮಾವನ ನೆಲಮಾಳಿಗೆಗೆ ಹೋದೆ. ಉಪ್ಪುಸೌತೆಯ ಜಾಡಿಗಳ ಹಿಂದೆ ಚೀಟಿಯಿಲ್ಲದ ಶೀಸೆಯೊಂದು ಕಂಡಿತು. ತಂದು ಹೂಗಿಡಕ್ಕೆ ನೀರು ಚಿಮುಕಿಸುವ ಬಾಟಲಿಗೆ ಸುರಿದುಕೊಂಡೆ.

ಕಟರಿಗೂ ಲೋಹಕ್ಕೂ ನಡುವೆ ಒಂದು ಸಿಗರೇಟು ಕಾಗದ ಇಟ್ಟು, ಕಾಗದ ಸಿಕ್ಕಿಕೊಳ್ಳುವ ತನಕ ಕಟರ್ ಇಳಿಸಿದೆ. ಆಳದ ಲೆಕ್ಕಕ್ಕೆ ಅದೇ ಸೊನ್ನೆ. ಯಂತ್ರ ಶುರುವಾಯಿತು. ಚಿಮುಕಿಸುತ್ತ ಹೋದೆ. ಗ್ಯಾರೇಜು ತುಂಬ ಪ್ಲಮ್ ಹಣ್ಣಿನ ಘಮ.

ಬಾಗಿಲಲ್ಲಿ ಮಾವ ನಿಂತಿದ್ದರು.

“ಹಿನೆಕ್. ಅದನ್ನ ಎಲ್ಲಿಂದ ತಂದೆ?”

“ಸೌತೆಕಾಯಿ ಹಿಂದಿಂದ, ಮಾವ. ಮಂಡಿಗೆ ಹಚ್ಚೋದು.”

ಅವರು ಒಳಗೆ ಬಂದು, ಮೇಜಿನ ಮೇಲಿನ ಒದ್ದೆಗೆ ಬೆರಳು ಒತ್ತಿ ನಾಲಿಗೆಗಿಟ್ಟರು.

“ಮಂಡಿಗೆ ಹಚ್ಚೋದು ಅಟ್ಟದ ಮೇಲಿದೆ. ಇದು ವೆಂದುಲಾ ಹುಟ್ಟಿದ ವರ್ಷ ಇಳಿಸಿದ್ದು. ಅವಳ ಮದುವೇಲಿ ತೆಗೆದಾಗ ಇದೊಂದು ಉಳಿಸ್ಕೊಂಡಿದ್ದೆ. ಮೂವತ್ತಾರು ವರ್ಷ ಆಯ್ತು.”

ನನ್ನ ಕೈ ತಾನಾಗಿಯೇ ಕೆಂಪು ಗುಂಡಿಯತ್ತ ಹೋಯಿತು.

“ನಿಲ್ಲಿಸಬೇಡ್ವೋ ಮಾರಾಯ! ಈಗ ನಿಲ್ಲಿಸಿದ್ರೆ ತಗಡೂ ದಂಡ, ಸಾರಾಯೀನೂ ದಂಡ.”

ಮಾವ ಬಿಯರ್ ಕ್ರೇಟೊಂದನ್ನು ಮಗುಚಿ ಕೂತರು. ನಮ್ಮಿಬ್ಬರ ನಡುವೆ ಹನ್ನೊಂದು ವರ್ಷದ ಮೌನವಿತ್ತು. ಜಗಳದ ಮೌನವಲ್ಲ, ಏನು ಮಾತಾಡುವುದೆಂದು ತಿಳಿಯದ ಇಬ್ಬರದು. ಅವರಿಗೆ ನನ್ನ ಪುಸ್ತಕಗಳು ಗೊತ್ತಿರಲಿಲ್ಲ. ನನಗೆ ಅವರ ಕಾರ್ಖಾನೆ ಗೊತ್ತಿರಲಿಲ್ಲ. ಮೌನವೆಂದರೆ ನನಗೆ ಇಷ್ಟ, ಆದರೆ ಆ ಒಂದು ಮೌನ ನನಗೂ ಭಾರವಾಗಿತ್ತು. ಈಗ ಇಬ್ಬರೂ ಒಂದೇ ಸದ್ದಿಗೆ ಕಿವಿಗೊಟ್ಟಿದ್ದೆವು.

“ಅಳ್ತಾ ಇದೆ,” ಎಂದರು ಮಾವ.

“ಏನು?”

“ಕಟರ್ ಕಣೋ. ಇಷ್ಟು ಓದಿದೀಯ, ಕಿವಿ ಇಲ್ವಾ? ತಿರುಗೋದು ಕಡಿಮೆ ಮಾಡು. ಮುಂದಕ್ಕೆ ತಳ್ಳೋದು ಹಾಗೇ ಇರ್ಲಿ. ಸವರಬಾರದು, ಕಚ್ಚಬೇಕು.”

ತಿರುಗುವ ವೇಗ ಇಳಿಸಿದೆ. ಕೀರಲು ದನಿ ತಗ್ಗಿ ಒಂದು ಸಮನಾದ ಗುನುಗಾಯಿತು. ಮೆತ್ತಗಾಗಿ ಅಂಟುತ್ತಿದ್ದ ಲೋಹ ಒಣ ಅವಲಕ್ಕಿಯಂತೆ ಬಿಡಿಬಿಡಿಯಾಗಿ ಹಾರತೊಡಗಿತು. ನಾನು ಹನಿಹನಿಯಾಗಿ ಚಿಮುಕಿಸುತ್ತಿದ್ದುದನ್ನು ಕಂಡು ಮಾವ ಬಾಟಲಿ ಕಸಿದುಕೊಂಡರು.

“ಧಾರಾಳವಾಗಿ ಹೊಡಿ. ನಿಮ್ಮಪ್ಪನ ಮನೆಯದೇನಲ್ಲವಲ್ಲ.”

ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಕೊನೆಗೆ ಬಿಲ್ಲೆಯನ್ನು ಕೈಗೆ ತೆಗೆದುಕೊಂಡಾಗ ಅದಿನ್ನೂ ಬೆಚ್ಚಗಿತ್ತು. ಮಾವ ಕಾರ್ಖಾನೆ ಕಾಲದ ಅಳತೆಗೋಲನ್ನು ಜೇಬಿನಿಂದ ತೆಗೆದು ನಾಲ್ಕು ಕಡೆ ಹಿಡಿದು ನೋಡಿದರು. ಐದನೆಯ ಕಡೆಯೂ ನೋಡಿದರು. ಹಿಂದಕ್ಕೆ ಕೊಟ್ಟರು. ಅವರು ತಪ್ಪಿಗಾಗಿ ಹುಡುಕಿದ್ದು, ಸಿಗಲಿಲ್ಲ. ನನ್ನ ಪದವಿಯ ದಿನವೂ ನಾನು ಅಷ್ಟು ಉಬ್ಬಿರಲಿಲ್ಲ.

ಬಿಲ್ಲೆಯಂಚಿಗೆ ರಬ್ಬರಿನ ಉಂಗುರ ಬೇಕಿತ್ತು. ಮೆತ್ತನೆಯ ರಬ್ಬರು ಕಟರಿಗೆ ಸಿಗದೆ ನುಣುಚಿಕೊಳ್ಳುತ್ತದೆ, ಅದಕ್ಕೆ ಹಿಂದಿನ ದಿನವೇ ಅದನ್ನು ಫ್ರೀಜರಿನಲ್ಲಿ ಇಟ್ಟಿದ್ದೆ.

“ಪ್ಲಮ್ ಕಡುಬಿನ ಮಧ್ಯೆ ಚಪ್ಪಲಿ ಅಟ್ಟೆ ಯಾಕಿದೆಯೋ?” ಎಂದು ಅಡುಗೆಮನೆಯಿಂದ ವೆಂದುಲಾ ಕೂಗಿದಳು.

“ಅಟ್ಟೆ ಅಲ್ಲ, ನಿನ್ನ ವಾಲ್ವಿಂದು. ಬೇಗ ತಾ, ಕರಗೋಕ್ಮುಂಚೆ!”

“ರಬ್ಬರ್ ಕರಗುತ್ತಂತೆ. ಅಪ್ಪ, ನೋಡಿ ನಿಮ್ಮ ಅಳಿಯನ್ನ.”

“ತಂದ್ಕೊಡೇ ಸುಮ್ನೆ,” ಎಂದರು ಮಾವ. “ಕೆಲಸ ನಡೀತಾ ಇದೆ.”

ಭಾನುವಾರ ಮೈದಾನದಲ್ಲಿ ಹನ್ನೊಂದು ಊರಿನ ತಂಡಗಳಿದ್ದವು. ಓಟಕ್ಕೆ ಮುಂಚೆ ತೀರ್ಪುಗಾರರ ಪರೀಕ್ಷೆ. ಪೈಪಿಗೆ ನೀರು ತುಂಬಿ, ವಾಲ್ವ್ ಕೆಳಗಿರುವಂತೆ ಎತ್ತಿ ಹಿಡಿಯುತ್ತಾರೆ. ಸೋರಿದರೆ ತಂಡ ಮನೆಗೆ. ವೆಂದುಲಾ ಪೈಪಿನ ಪಕ್ಕದಲ್ಲಿ ನಿಂತಿದ್ದಳು, ಹೆಲ್ಮೆಟಿನ ಪಟ್ಟಿ ಒತ್ತಿ ಅವಳ ಗಲ್ಲ ಕೆಂಪಾಗಿತ್ತು. ಕೆಳಗಿನ ಊರಿನವರು ತಮ್ಮ ಎರಡನೆಯ ವಾಲ್ವನ್ನು ಎಲ್ಲರಿಗೂ ಕಾಣುವಂತೆ ಬೇಲಿಯ ಮೇಲೆ ಇಟ್ಟುಕೊಂಡು ಕಾಯುತ್ತಿದ್ದರು.

ಪೈಪು ಮೇಲೆದ್ದಿತು. ನೀರಿನ ಭಾರಕ್ಕೆ ಬಿಲ್ಲೆ ಕೂತ ಸಣ್ಣ ಸದ್ದು ನನಗೆ ಕೇಳಿಸಿತು. ಆಮೇಲೆ ಏನೂ ಇಲ್ಲ. ಜೀವನದಲ್ಲಿ ಎಷ್ಟೋ ಮೌನಗಳನ್ನು ಹುಡುಕಿಕೊಂಡು ಹೋದವನು ನಾನು. ಒಂದು ಹನಿಯೂ ಬೀಳದ ಆ ಮೌನಕ್ಕೆ ಸಮನಾದುದು ಸಿಕ್ಕಿರಲಿಲ್ಲ.

ತೀರ್ಪುಗಾರ ಕುಕ್ಕರಗಾಲಲ್ಲಿ ಕೂತು ವಾಲ್ವಿನ ತಳಕ್ಕೆ ಅಂಗೈ ಒತ್ತಿ ತೆಗೆದ. ಅಂಗೈ ಒಣಗಿಯೇ ಇತ್ತು.

“ಬಿಲ್ಲೆ ಹೊಸದು. ಎಲ್ಲಿ ತಗೊಂಡ್ರಿ?”

“ತಗೊಂಡಿದ್ದಲ್ಲ,” ಎಂದಳು ವೆಂದುಲಾ, ಬೇಲಿಯ ತನಕ ಕೇಳುವಂತೆ. “ನಮ್ಮನೆ ಗ್ಯಾರೇಜಲ್ಲಿ ಮಾಡಿದ್ದು. ನನ್ನ ಗಂಡ.”

ಹದಿನೆಂಟೂವರೆ ಸೆಕೆಂಡಿಗೆ ಎರಡೂ ಹಲಗೆಗಳು ಬಿದ್ದವು. ನಾಲ್ಕನೆಯ ಸ್ಥಾನ, ಮೊದಲ ಐದು ತಂಡಗಳಿಗೆ ಸೆಪ್ಟೆಂಬರಿನಲ್ಲಿ ಮುಂದಿನ ಸುತ್ತು. ವೆಂದುಲಾ ಮೈಯೆಲ್ಲ ಒದ್ದೆಯಾಗಿ ಬಂದು ವಾಲ್ವನ್ನು ನನ್ನ ತೊಡೆಯ ಮೇಲಿಟ್ಟಳು.

“ಚೆನ್ನಾಗಿದೆ. ಸೆಪ್ಟೆಂಬರಿಗೆ ಇನ್ನೊಂದು ಬೇಕು. ಇದಕ್ಕಿಂತ ಹಗುರದ್ದು.”

“ಎಷ್ಟು ಗ್ರಾಂ?” ಎಂದೆ.