ಲೈನಿನ ಮೇಲೆ ಇದ್ದಾರೆ

“ನಿಮ್ಮ ಹೆಸರು?” ಎಂದು ಗದ್ದೆಪ್ಪ ತನ್ನ ಹೆಂಡತಿಯನ್ನು ಕೇಳಿದ.

“ಅಮರಮ್ಮ,” ಎಂದಳು ಅವಳು, ಬೋರ್ಡಿನಿಂದ ಕಣ್ಣು ತೆಗೆಯದೆ.

ಅವನು ಬರೆದುಕೊಂಡ. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಹಿರಿಯ ಆಪರೇಟರ್ ಸುಗ್ರಾ ಬೇಗಂ ಸೆರಗು ಬಾಯಿಗೆ ಒತ್ತಿಕೊಂಡಳು. ಮಾನ್ವಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಈತ ಯಾರೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಇದು ಸಂಶೋಧನೆ. ಸಂಶೋಧನೆಯಲ್ಲಿ ಸಂಬಂಧಿಕರಿರುವುದಿಲ್ಲ.

“ವಿವಾಹಿತರೋ, ಅವಿವಾಹಿತರೋ?”

“ಅದನ್ನ ನೀವ ಬರ್ಕೊಳ್ರಿ.”

ಈ ಸಲ ಬೇಗಂ ನಗಲಿಲ್ಲ.

ಗದ್ದೆಪ್ಪ ರಾಯಚೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಲೆಕ್ಚರರ್. ದೇಶದ ಸ್ಪರ್ಧಾಶಕ್ತಿಯಲ್ಲಿ ಸೇವಾ ವಲಯದ ಪಾತ್ರವೇನು ಎಂಬುದು ಅವನ ಪಿಎಚ್‌.ಡಿ. ವಿಷಯ. ಸ್ಪರ್ಧಾಶಕ್ತಿ ಎಂಬ ಮಾತನ್ನು ಸೇರಿಸಿದ್ದು ಧಾರವಾಡದ ಗೈಡು. ಎಂಬತ್ತರ ದಶಕದಲ್ಲಿ ಅದಿಲ್ಲದೆ ನಡೆಯುವುದಿಲ್ಲವಂತೆ. ಸಿರವಾರದ ಅಕ್ಕಿ ವ್ಯಾಪಾರಿಗೆ ಹೈದರಾಬಾದಿನ ಧಾರಣೆ ಅರ್ಧ ದಿನ ತಡವಾಗಿ ತಿಳಿದರೆ ದೇಶ ಎಷ್ಟು ಹಿಂದೆ ಬೀಳುತ್ತದೆ, ನೋಡಿಕೊಂಡು ಬಾ ಎಂದು ಅವರು ಕಳಿಸಿದ್ದರು.

ಆದರೆ ಅವನು ಇವತ್ತೇ ಮಾನ್ವಿಗೆ ಬಂದದ್ದು ದೇಶಕ್ಕಾಗಿ ಅಲ್ಲ. ಅಮರಮ್ಮನಿಗೆ ವರ್ಗವಾಗುವುದಿತ್ತು. ಬಡ್ತಿ ಬೇಕೆಂದರೆ ಗುಲಬರ್ಗಾ. ಬಡ್ತಿ ಬೇಡ, ಗಂಡನ ಊರು ಸಾಕು ಎಂದರೆ ರಾಯಚೂರು. ಯಾವುದೆಂದು ಈ ಸಂಜೆ ಡ್ಯೂಟಿ ಮುಗಿಯುವುದರೊಳಗೆ ಅವಳು ಹೇಳಬೇಕಿತ್ತು. ಹೋದ ಭಾನುವಾರ ರೊಟ್ಟಿ ಬಡಿಯುತ್ತ, ಬೆನ್ನು ತಿರುಗಿಸಿಕೊಂಡೇ ಕೇಳಿದ್ದಳು: “ನಾ ಬರೂದು ನಿಮಗ ಬೇಕಾಗ್ಯದೋ, ಇಲ್ಲೋ?” ಅವನು ನೀರು ಕೇಳಿ ಕುಡಿದಿದ್ದ.

ಬೇಕಾಗಿರಲಿಲ್ಲವೇ? ಬೇಕಾಗಿತ್ತು. ಮದುವೆಯಾದಾಗಿನಿಂದ ಇವಳು ಇಲ್ಲಿ, ಅವನು ಅಲ್ಲಿ. ಭಾನುವಾರ ಬರುತ್ತಿದ್ದ, ಉಣ್ಣುತ್ತಿದ್ದ, ಬಸ್ಸಿನ ವಿಷಯ ಮಾತಾಡುತ್ತಿದ್ದ, ಹೋಗುತ್ತಿದ್ದ. ದೇವದುರ್ಗದ ಕೇರಿಯಲ್ಲಿ ಒಂದೇ ಕೋಣೆಯ ಮನೆ ಅವನದು. ಏಳು ಜನರ ಕಾಲು ಕೈ ತಾಗಿಸಿಕೊಂಡು ಮಲಗಿ ಬೆಳೆದವನು. ರಾಯಚೂರಿನಲ್ಲಿ ಬಾಡಿಗೆ ಕೋಣೆ ಹಿಡಿದ ಮೊದಲ ದಿನ ಒಳಗಿನಿಂದ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿದ್ದ. ಆ ಸದ್ದು ಅವನಿಗೆ ಅಷ್ಟು ಇಷ್ಟವಾಗಿತ್ತು. ಈಗೀಗ ಅದೇ ಸದ್ದಿಗೆ ಹೆದರಿಕೆಯಾಗುತ್ತಿತ್ತು. ಆದರೆ ಹೊರಗಿನವರನ್ನು ಒಳಗೆ ಕರೆಯುವುದು ಹೇಗೆಂದು ಮರೆತೇ ಹೋಗಿತ್ತು. ಹೆಂಡತಿಯನ್ನು ಹೊರಗಿನವಳು ಎಂದುಕೊಂಡೆನಲ್ಲ ಎಂದು ನಾಚಿಕೆಯಾಯಿತು.

ಬೋರ್ಡಿನಲ್ಲಿ ಕರೆ ಬಂದ ಗುರುತಿಗೆ ಶಟರ್ ಬಿತ್ತು. ಶಕ್ತಿನಗರದಿಂದ ಟ್ರಂಕ್ ಕಾಲ್. ಅಲ್ಲಿಯ ವಿದ್ಯುತ್ ಸ್ಥಾವರದ ಕಟ್ಟಡ ಕೆಲಸಕ್ಕೆ ಹೋದ ಪಕೀರಪ್ಪ ಎಂಬವನು ಹೆಂಡತಿಗೆ ಮಾಡಿದ್ದು. ಹೆಂಡತಿ ಬಸವಂತಮ್ಮ ಬೆಳಗಿನಿಂದ ಪಕ್ಕದ ಪೋಸ್ಟಾಫೀಸಿನಲ್ಲಿ ಕಾದು ಕೂತಿದ್ದಳು. ಅವಳು ಬೂತಿನೊಳಗೆ ಹೋಗಿ ಹಲೋ ಹಲೋ ಎಂದು ಕೂಗುವುದು ಗೋಡೆಯಾಚೆಯಿಂದ ಕೇಳಿಸಿತು. ಲೈನು ಮಂದವಾಗಿತ್ತು. ಹೀಗಾದಾಗ ಆಪರೇಟರೇ ನಡುವೆ ನಿಂತು, ಈ ಕಡೆಯ ಮಾತು ಆ ಕಡೆಗೆ ದಾಟಿಸುವುದು ವಾಡಿಕೆ.

ಅಮರಮ್ಮ ಹೆಡ್‌ಸೆಟ್ಟನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು. ಆಮೇಲೆ ಸ್ಪಷ್ಟವಾಗಿ, ನಿಧಾನವಾಗಿ ಬಸವಂತಮ್ಮನಿಗೆ ಹೇಳಿದಳು:

“ಇಲ್ಲೊಂದು ಕೋಣಿ ಸಿಕ್ಕದ. ಬಾ. ನೀ ಇಲ್ದ ಉಂಡ ಅನ್ನ ರುಚಿ ಹತ್ತವಲ್ದು. ಬಂದುಬಿಡು.”

ಗದ್ದೆಪ್ಪನ ಪೆನ್ನು ನಿಂತಿತು. ಅವಳ ಬಾಯಿಂದ ಅಂಥ ಮಾತನ್ನು ಅವನು ಕೇಳಿರಲಿಲ್ಲ. ಕೇಳುವಂತೆ ತಾನೆಂದೂ ಇದ್ದಿರಲೂ ಇಲ್ಲ.

ಕಾಲ್ ಮುಗಿದ ಮೇಲೆ, ಏನಾದರೂ ಕೇಳಬೇಕಲ್ಲ ಎಂದು, ‘ಬಾ ಅಂತ ಹೇಳ್ಯಾರ’ ಎಂದಿದ್ದರೂ ಸಾಕಿತ್ತಲ್ಲವೇ ಎಂದು ಕೇಳಿದ. ಅವರು ಹೆಂಗ ಅಂತಾರೋ ಹಂಗೇ ಅನಬೇಕು, ಸ್ವಲ್ಪ ಬದಲಿಸಿದರೂ ಅದು ಅವರ ಮಾತಾಗಿ ಉಳಿಯುವುದಿಲ್ಲ ಎಂದಳು. ಹೇಳುತ್ತ ಹೆಡ್‌ಸೆಟ್ಟನ್ನು ಸರಿಸಿಕೊಂಡಳು. ಕಿವಿಯ ಮೇಲೆ ಕೆಂಪಗೆ ಗೆರೆ ಮೂಡಿತ್ತು. ಇಷ್ಟು ದಿನ ಅವನು ಅದನ್ನು ನೋಡಿರಲಿಲ್ಲ. ಭಾನುವಾರದ ಹೊತ್ತಿಗೆ ಅದು ಮಾಯುತ್ತಿತ್ತೇನೋ. ಅದನ್ನು ಮುಟ್ಟಬೇಕೆನ್ನಿಸಿತು. ಬೇಗಂ ಇದ್ದಳು. ಪೆನ್ನು ಕೈಯಲ್ಲಿತ್ತು.

ಸರಕನ್ನು ಗೋದಾಮಿನಲ್ಲಿ ಕೂಡಿಡಬಹುದು, ಸೇವೆಯನ್ನು ಕೂಡಿಡಲು ಬರುವುದಿಲ್ಲ, ಕೊಡುವ ಹೊತ್ತಿಗೇ ಅದು ಮುಗಿದುಹೋಗುತ್ತದೆ. ವರ್ಷವೂ ಕ್ಲಾಸಿನಲ್ಲಿ ಹೇಳುವ ಮಾತು. ಮಕ್ಕಳು ಬರೆದುಕೊಳ್ಳುತ್ತಾರೆ.

“ಇನ್ನೇನರ ಕೇಳೂದು ಅದ ಏನ್ರಿ?” ಎಂದಳು ಅಮರಮ್ಮ. ಈಗ ಮಾತ್ರ ಅವನ ಮುಖ ನೋಡಿ.

“ಸದ್ಯಕ್ಕ ಇಷ್ಟ ಸಾಕು,” ಎಂದ.

ಅವಳು ತಲೆಯಾಡಿಸಿದಳು. ಬೇಗಂ ಎದ್ದು ಹೋಗಿ, ಕಿಟಕಿಯ ಹತ್ತಿರ ಇಲ್ಲದ ಕೆಲಸ ಹುಡುಕಿದಳು. ಆ ಸಮಯವನ್ನೂ ಅವನು ಕಾಗದಗಳನ್ನು ಜೋಡಿಸಿಕೊಳ್ಳುವುದರಲ್ಲಿ ಕಳೆದ.

ರಾಯಚೂರಿನ ಬಸ್ಸಿನಲ್ಲಿ ಕೂತ ಮೇಲೆ ಮಾತೆಲ್ಲ ಸಲೀಸಾಗಿ ಬಂತು. ಬಾ. ಬಂದುಬಿಡು. ಎಷ್ಟು ಸಣ್ಣ ಮಾತು. ಗಬ್ಬೂರಿನಲ್ಲೋ ಕಲ್ಮಲದಲ್ಲೋ ಎಲ್ಲಿಯಾದರೂ ಇಳಿದು ಹಿಂದಕ್ಕೆ ಹೋಗಿಬಿಡಲೇ ಎಂದುಕೊಂಡ. ಗಬ್ಬೂರು ಈ ದಾರಿಯಲ್ಲೇ ಇಲ್ಲ, ಅದು ದೇವದುರ್ಗದ ದಾರಿ ಎಂದು ಹೊಳೆದಾಗ ನಗು ಬಂತು. ಕಲ್ಮಲದಲ್ಲಿ ಬಸ್ಸು ನಿಂತಿತು. ಅವನು ಇಳಿಯಲಿಲ್ಲ.

ರಾಯಚೂರಿನಲ್ಲಿ ಇಳಿದವನೇ ತಂತಿ ಆಫೀಸಿಗೆ ಓಡಿದ. ಮಾನ್ವಿ ಎಕ್ಸ್‌ಚೇಂಜಿಗೆ ಅರ್ಜೆಂಟ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕೂತ. ಅವಳ ಡ್ಯೂಟಿ ಮುಗಿಯಲು ಬಂದಿತ್ತು. ಕೊನೆಗೆ ಅವನ ಹೆಸರು ಕೂಗಿದರು. ಬೂತಿನ ಬಾಗಿಲು ಮುರಿದಿತ್ತು, ಮುಚ್ಚಲಿಲ್ಲ. ಹಿಂದೆ ಸರದಿಯಲ್ಲಿ ಜನ ನಿಂತಿದ್ದರು.

“ಮಾನ್ವಿ ಬಂತು, ಮಾತಾಡ್ರಿ,” ಎಂದಿತು ಆಪರೇಟರನ ದನಿ.

“ಹಲೋ,” ಎಂದ ಗದ್ದೆಪ್ಪ. ಬರೀ ಗುಂಯ್ ಎನ್ನುವ ಸದ್ದು. “ಹಲೋ, ನಾನು.”

“ಸಾಬ್, ನಿಮ್ಮ ದನಿ ಅವರಿಗೆ ಕೇಳವಲ್ದು. ನಾ ಆಪರೇಟರ್ ಮೌಲಾಹುಸೇನ. ನನಗ ಹೇಳ್ರಿ, ನಾ ಹೇಳ್ತೀನಿ.”

ಗದ್ದೆಪ್ಪ ಹಿಂದಿನ ಸರದಿಯನ್ನೊಮ್ಮೆ ನೋಡಿದ. ಸರ್ವೇಯಲ್ಲಿ ಒಂದು ಪ್ರಶ್ನೆ ಉಳಿದಿತ್ತು ಎಂದು ಅವರಿಗೆ ಹೇಳಿ ಎಂದ. ಮೌಲಾಹುಸೇನ ಅದನ್ನು ದಾಟಿಸಿ, ಯಾವ ಪ್ರಶ್ನೆ ಅಂತ ಅಮ್ಮ ಕೇಳುತ್ತಿದ್ದಾರೆ ಎಂದ.

ಗದ್ದೆಪ್ಪ ಕಣ್ಣು ಮುಚ್ಚಿದ.

“ಬಾ ಅನ್ರಿ.”

“ಬರ್ರಿ ಅಂತಾರ್ರಿ ಅಮ್ಮಾ,” ಎಂದು ಮೌಲಾಹುಸೇನ ಮರ್ಯಾದೆಯಿಂದ ಕೂಗಿದ್ದು ಕೇಳಿಸಿತು. ಬಾಗಿಲಿಗೆ ಬಂದ ಯಾರಿಗಾದರೂ ಅನ್ನುವ ಬರ್ರಿ. ಗೈಡಿಗೂ, ಮನೆ ಮಾಲೀಕನಿಗೂ ಅವನೇ ಅನ್ನುವ ಬರ್ರಿ.

“ಬರ್ರಿ ಅಲ್ಲ,” ಎಂದ ಗದ್ದೆಪ್ಪ. “ಬಾ ಅಂತ ಅನ್ರಿ. ಹಂಗ ಅನಬೇಕು.”

“ಪರರ ಹೆಣ್ಮಗಳಿಗೆ ನಾ ಹೆಂಗ ಬಾ ಅನ್ಲಿ, ಸಾಬ್? ಬೇಕಿದ್ರ ನೀವ ಜೋರಲೆ ಅನ್ರಿ.”

ಸರದಿ ಮಾತು ನಿಲ್ಲಿಸಿ ಅವನನ್ನೇ ನೋಡುತ್ತಿತ್ತು.

ಅವನು ಅಂದ. ಜೋರಾಗಿ ಅಲ್ಲ. ಆ ಮಾತು ಅವನ ಕಿವಿಗೇ ಸರಿಯಾಗಿ ತಲುಪಲಿಲ್ಲ.

“ಏನಂದ್ರು?” ಎಂದು ಕೇಳಿದ.

“ಏನೂ ಅನ್ನವಲ್ರು. ಲೈನ್ ಮ್ಯಾಲ ಅದಾರ. ಉಸಿರು ಕೇಳಾಕತ್ತದ.” ಮೌಲಾಹುಸೇನನ ದನಿ ತಗ್ಗಿತು. “ಉಸಿರು ಹೆಂಗ ದಾಟಿಸ್ಲಿ, ಸಾಬ್?”

ಗದ್ದೆಪ್ಪ ರಿಸೀವರನ್ನು ಕಿವಿಗೆ ಇನ್ನೂ ಒತ್ತಿ ಹಿಡಿದ. ಗುಂಯ್ ಎನ್ನುವ ಸದ್ದು ಬಿಟ್ಟರೆ ಏನೂ ಇರಲಿಲ್ಲ.

“ಮೂರು ನಿಮಿಷ ಆತ್ರಿ. ಇನ್ನ ಮೂರು ಹಾಕ್ಲೇನು?”

“ಹಾಕ್ರಿ,” ಎಂದ. ಕಿವಿ ಉರಿಯತೊಡಗಿತ್ತು.