‘ಬಂದೆ’ ಎಂದ ಬ್ಯಾಟರಾಯಪ್ಪ

ಜಕ್ಕೂರಿನ ಬ್ಯಾಟರಾಯಪ್ಪನ ಗಂಟಲಿನಂಥ ಗಂಟಲು ಮೈಸೂರು ಸೀಮೆಯಲ್ಲೇ ಇನ್ನೊಂದಿರಲಿಲ್ಲ. ಹೊಲದಲ್ಲಿ ನಿಂತು ತನ್ನ ಎತ್ತಿಗೆ ‘ಹೋ’ ಎಂದರೆ ಅಲ್ಲಾಳಸಂದ್ರದ ಎತ್ತುಗಳೂ ನಿಂತುಬಿಡುತ್ತಿದ್ದವು. ವಿಮಾನದ ಮೈದಾನಕ್ಕೆ ಇಳಿಯಲು ಬಂದ ಪುಟ್ಟ ವಿಮಾನವೊಂದು ಅವನ ಕೂಗಿಗೆ ಬೆಚ್ಚಿ ಮತ್ತೆ ಮೇಲೇರಿ ಹೋಯಿತು. ಸುಳ್ಳೆನ್ನುವವರು ಆ ವಿಮಾನವನ್ನೇ ಕೇಳಲಿ.

ಅಂಥ ಗಂಟಲು ಒಂದು ಮುಸ್ಸಂಜೆ ನಿಂತುಹೋಯಿತು.

ಊರಿಗೆ ಕರೆಂಟು ಬಂದಿದ್ದರೂ ಅವರ ಬೀದಿಗೆ ಇನ್ನೂ ಕಂಬ ನೆಟ್ಟಿರಲಿಲ್ಲ. ಹೆಂಡತಿ ಮುನಿಕೆಂಪಮ್ಮ ಒಳಗೆ ಮುದ್ದೆ ತೊಳಸುತ್ತಿದ್ದಳು, ಬ್ಯಾಟರಾಯಪ್ಪ ಜಗಲಿಯ ಮೇಲಿದ್ದ. ಕೆರೆ ಏರಿಯ ಕಡೆಯಿಂದ ಯಾರೋ ಕೂಗಿದರು. “ಬ್ಯಾಟರಾಯಪ್ಪಾ…” ದನಿ ಗಂಡಸಿನದೋ ಹೆಂಗಸಿನದೋ ತಿಳಿಯಲಿಲ್ಲ. ನೀರಿನೊಳಗಿಂದ ಕೂಗಿದ ಹಾಗಿತ್ತು.

ಮುಸ್ಸಂಜೆ ಹೊತ್ತಲ್ಲಿ ಮೂರು ಸಲ ಕೂಗುವ ತನಕ ಓಗೊಡಬಾರದೆಂದು ಆ ಊರಿನ ಹಸುಗೂಸಿಗೂ ಗೊತ್ತು. ಒಂದೇ ಸಲ ಕೂಗುವುದು ಮನುಷ್ಯರಲ್ಲ, ಕೂಗುಮಾರಿ. ಬ್ಯಾಟರಾಯಪ್ಪ ಮರೆತು, ಆ ಒಂದೇ ಕೂಗಿಗೆ “ಬಂದೆ” ಎಂದ. ಎದ್ದವನು ಹಾಗೇ ಪಕ್ಕಕ್ಕೆ ಕುಸಿದ.

ಬಾಯಿ ಸೊಟ್ಟಗಾಗಿತ್ತು. ಬಲಗೈ, ಬಲಗಾಲು ಸೋತಿದ್ದವು. ಎಣ್ಣೆ ಹಚ್ಚಿ ನೀವಿದ್ದಾಯಿತು, ದಿನ ಕಳೆಯಿತು, ಕೋಲೂರಿ ನಡೆಯುವಂತಾದ. ಮಾತು ಮಾತ್ರ ಒಂದೇ ಉಳಿಯಿತು: ಬಂದೆ. ನೀರು ಬೇಕಾದರೂ ಬಂದೆ, ಸಿಟ್ಟು ಬಂದರೂ ಬಂದೆ. ಸಂಜೆಯಾದರೆ ಜಗಲಿಯ ಮೇಲೆ ಕೂತು, ಯಾರೂ ಕರೆಯದಿದ್ದರೂ, ಕೆರೆಯನ್ನೇ ನೋಡುತ್ತ “ಬಂದೆ… ಬಂದೆ…” ಎನ್ನುವನು. ಅದು ಕಿವಿಗೆ ಬಿದ್ದರೆ ಬೀದಿಯ ನಾಯಿಗಳು ಬಾಲ ಮುದುರಿ ಒಲೆಯೊಳಗೆ ಹೊಕ್ಕು ಕೂರುತ್ತಿದ್ದವು.

ತಮ್ಮ ಆವಲಪ್ಪ ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿದ. “ಯಾರೂ ಅಣ್ಣಯ್ಯನ ಎಸರೆತ್ತಕೂಡ್ದು. ಮಾತಾಡ್ಸಲೂ ಕೂಡ್ದು. ಓಗೊಟ್ಟಷ್ಟೂ ಅದು ಅತ್ರ ಅತ್ರ ಬತ್ತದೆ.”

ಮನೆಯಲ್ಲಿ ಮಾತೇ ಸತ್ತಿತು. ತಟ್ಟೆ ಮುಂದಿಟ್ಟು ಎದ್ದು ಹೋಗುವರು. ಮುನಿಕೆಂಪಮ್ಮ ಗೋಡೆಯ ಕಡೆ ತಿರುಗಿ ಕೂರುವಳು. ತಿರುಗಿದರೆ ಗಂಡನ ಕಣ್ಣು ತನ್ನ ತುಟಿಯನ್ನೇ ಕಾಯುತ್ತಿರುವುದು ಕಾಣುತ್ತಿತ್ತು. ಅದನ್ನು ಅವಳು ತಾಳಲಾರಳು. ಅಮಾವಾಸ್ಯೆಗೆ ಶೆಟ್ಟಿಹಳ್ಳಿ ಕಡೆಯ ಮಂತ್ರವಾದಿ ಬಂದು, ಕುಡುಗೋಲು ಕಾಯಿಸಿ ನಾಲಿಗೆಗೆ ಬರೆ ಹಾಕುವುದೆಂದು ನಿಶ್ಚಯವಾಯಿತು.

ಅಮಾವಾಸ್ಯೆಯ ಹಿಂದಿನ ದಿನ ಯಲಹಂಕದಿಂದ ಬಳೆ ಮಾರುವ ಅಕ್ಬರಿ ಬಂದಳು. ಹೆಗಲಿಗೆ ಇಳಿಬಿಟ್ಟ ಬಳೆಯ ಮಲಾರ ಇಳಿಸಿ, ನೇರ ಬ್ಯಾಟರಾಯಪ್ಪನ ಎದುರು ಕೂತಳು. “ಏನಣ್ಣ, ಹೇಗಿದೀರಾ?”

“ಬಂದೆ.”

“ಬಂದ್ರಾ? ಸರಿ ಬನ್ನಿ, ಬಳೆ ತೊಡಿಸ್ತೀನಿ.”

ಬ್ಯಾಟರಾಯಪ್ಪನ ಬಾಯಿಯ ಒಂದು ಕೊನೆ ಅರಳಿತು. ಎಷ್ಟೋ ದಿನದ ಮೇಲೆ ಅವನು ನಕ್ಕಿದ್ದ.

“ಮಾತಾಡುಸ್ಬೇಡ ಕಣೆ ಅಕ್ಬರಿ,” ಎಂದಳು ಮುನಿಕೆಂಪಮ್ಮ.

“ಯಾಕಕ್ಕ, ಇವರೇನು ಗೋಡೆನಾ? ನಮ್ಮಪ್ಪಂಗೂ ಹಿಂಗೇ ಆಗಿತ್ತು. ದರ್ಜಿ ನೋಡಿ, ಅವರಿಗೆ ಉಳಿದಿದ್ದು ‘ಕತ್ರಿ’ ಒಂದೇ. ಚಾ ಕೊಟ್ರೂ ಕತ್ರಿ, ಮೊಮ್ಮಗು ಬಂದ್ರೂ ಕತ್ರಿ. ದೊಡ್ಡಾಸ್ಪತ್ರೆಗೆ ಕರ್ಕೊಂಡೋದ್ವಿ. ತಲೆ ಒಳಗೆ ರಕ್ತದ ನಾಳ ಕಟ್ಕೊಂಡು, ಮಾತು ಹುಟ್ಟೋ ಜಾಗಕ್ಕೆ ಪೆಟ್ಟಾಗಿದೆ ಅಂದ್ರು. ನಾಲಿಗೆಗೇನೂ ಆಗಿಲ್ಲ, ಬುದ್ಧಿ ಎಲ್ಲೂ ಹೋಗಿಲ್ಲ. ಒಳಗೆ ಮಾತಿದೆ, ಬಾಯಿಗೆ ಬರೋ ದಾರಿ ತಪ್ಪಿದೆ.”

ಬಾಗಿಲಲ್ಲಿ ನಿಂತಿದ್ದ ಆವಲಪ್ಪ ಗುರ್ ಎಂದ. “ಬಳೆ ಮಾರೋಳು ಡಾಕ್ಟ್ರಾದ್ಲು. ಅಂಗಾರೆ ಅವತ್ತು ಕೂಗಿದ್ದು ಯಾರು? ಅತ್ಗೆನೂ ಕೇಳವ್ಳೆ.”

“ಯಾರು ಕೂಗಿದ್ರೋ ನಂಗೊತ್ತಿಲ್ಲಣ್ಣ. ಕೂಗಿದ್ದಕ್ಕೆ ಬಾಯಿ ಸೊಟ್ಟ ಆಗಲ್ಲ. ಬೀಳೋ ಮುಂಚೆ ಆಡಿದ ಮಾತು ಅಲ್ಲೇ ಸಿಕ್ಕಾಕೊಂಡಿದೆ. ನಾಲಿಗೆ ಸುಟ್ರೆ ಆ ಒಂದು ಮಾತೂ ಹೋಗ್ತದೆ, ಮುದ್ದೆ ನುಂಗಕ್ಕೂ ಆಗಲ್ಲ.”

“ಮಾತಿದ್ರೆ ಆಡ್ಸು ನೋಡಾನ.”

ಅಕ್ಬರಿ ಮುನಿಕೆಂಪಮ್ಮನ ಕಡೆ ತಿರುಗಿದಳು. “ಬಾಯಿಪಾಠ ಇರೋದು ಮೊದಲು ಹೊರಗೆ ಬರ್ತದೆ ಅಂತಿದ್ರು ಅಲ್ಲಿ ಮಾತು ಕಲಿಸೋ ಮೇಡಂ. ಹಾಡು, ಎಣಿಕೆ, ಅಂಥದ್ದು. ಅಕ್ಕ, ರಾಗಿ ತನ್ನಿ. ಸೇರೂ ತನ್ನಿ.”

ರಾಗಿ ಅಳೆಯುವಾಗ ಯಾವ ಒಕ್ಕಲಿನವನೂ ‘ಒಂದು’ ಎನ್ನುವುದಿಲ್ಲ. ಮೊದಲ ಸೇರಿಗೆ ‘ಲಾಭ’, ಆಮೇಲೆ ಎರಡು. ಮುನಿಕೆಂಪಮ್ಮ ಸೇರನ್ನು ಗಂಡನ ಎಡಗೈಗೆ ಕೊಟ್ಟಳು. ಅವನು ತುಂಬಿದ, ಸುರಿದ.

“ಲಾಭ,” ಎಂದಳು. ಅಷ್ಟು ದಿನದ ಮೇಲೆ ಅವನ ಮುಖ ನೋಡಿ ಆಡಿದ ಮೊದಲ ಮಾತು ಅದು.

ಜಕ್ಕೂರು ಕೆರೆಯ ಲಕ್ಷ ಕಪ್ಪೆಗಳೂ ಒಮ್ಮೆಲೇ ಬಾಯಿ ಮುಚ್ಚಿದವು. ಬ್ಯಾಟರಾಯಪ್ಪ ಎರಡನೆಯ ಸೇರು ಎತ್ತಿದ. ತುಟಿ ತಡಕಾಡಿತು. “ಬಂ… ಬಂ…” ಸೇರು ಕೆಳಗಿಟ್ಟುಬಿಟ್ಟ. ಕಣ್ಣಲ್ಲಿ ನೀರು.

“ಇನ್ನೊಂದು ಸಲ ಅಕ್ಕ. ಅವಸರ ಬೇಡ.”

“ಲಾಭ,” ಎಂದಳು ಮುನಿಕೆಂಪಮ್ಮ ಮತ್ತೆ.

ಸೇರು ಮೇಲೆದ್ದಿತು, ರಾಗಿ ಜಾರಿತು. “ಎ… ಎಲ್ಡು.” ಇನ್ನೊಂದು ಸೇರು. “ಮೂರು.” ಆಮೇಲೆ ನಿಲ್ಲಿಸಿದವರಾರು? ಚೀಲ ಬರಿದಾದರೂ ಬರಿಯ ಗಾಳಿಯನ್ನೇ ಅಳೆದ.

ಆವಲಪ್ಪ ಗೋಡೆಗೆ ಒರಗಿದ. ಕೇಳಿದ: “ಕೂಗುಮಾರಿಗೆ ರಾಗಿ ಅಳೆಯಾಕೆ ಬತ್ತದಾ?”

“ಬಂದ್ರೆ ನಮ್ಮನೆಗೂ ಕಳ್ಸಿ,” ಎಂದಳು ಅಕ್ಬರಿ.

ಮಂತ್ರವಾದಿ ಬರುವುದು ಬೇಡವೆಂದು ಹೇಳಲು ಆವಲಪ್ಪನೇ ಹೋದ. ಮರುವಾರ ಅಣ್ಣನನ್ನೂ ಅತ್ತಿಗೆಯನ್ನೂ ದೊಡ್ಡಾಸ್ಪತ್ರೆಯ ಬಸ್ಸಿಗೆ ಹತ್ತಿಸಿದವನೂ ಅವನೇ. ಕುಸಿದ ದಿನವೇ ಕರೆತರಬೇಕಿತ್ತೆಂದು ಡಾಕ್ಟರು ಚೆನ್ನಾಗಿ ಬೈದರು. ಮಾತು ಕಲಿಸುವ ಮೇಡಂ ಮಾತ್ರ ಬೈಯಲಿಲ್ಲ. ಎದುರಿಗೆ ಕೂತು ಚಿಕ್ಕ ಚಿಕ್ಕ ಮಾತಾಡಿ, ದಿನಾ ಆಡಿಸಿ, ಉತ್ತರ ಬರುವ ತನಕ ಕಾಯಿರಿ, ಅವರ ಮಾತನ್ನು ನೀವೇ ಕಿತ್ತುಕೊಂಡು ಮುಗಿಸಬೇಡಿ, ಹೆಸರು ಹಿಡಿದು ಕರೆಯಿರಿ ಎಂದರು.

“ನಾನಾ? ಗಂಡನ ಎಸರಾ?” ಮುನಿಕೆಂಪಮ್ಮ ಹಿಂದಿರುಗಿ ಬಂದು ಅಕ್ಬರಿಯನ್ನು ಕೇಳಿದಳು.

“ನೀವಲ್ದೆ ಇನ್ಯಾರಕ್ಕ, ಕೂಗುಮಾರಿನಾ?”

ಕರೆದಳು. ಮೊದಲು ಸೆರಗಿನೊಳಗೆ, ಆಮೇಲೆ ಬೀದಿಗೆ ಕೇಳುವಂತೆ. ಸುಗ್ಗಿಯ ಹೊತ್ತಿಗೆ ‘ನೀರು’ ಬಂತು, ‘ಮುದ್ದೆ’ ಬಂತು, ಹೆಂಡತಿಯನ್ನು ಕರೆಯುವ ‘ಕೆಂಪಿ’ ಬಂತು. ಹಳೆಯ ಗಂಟಲಿನಷ್ಟು ಬರಲಿಲ್ಲ. ಮನೆಗೆ ಸಾಕಾಗುವಷ್ಟು ಬಂತು.

ಒಂದು ಮುಸ್ಸಂಜೆ ಇಬ್ಬರೂ ಜಗಲಿಯ ಮೇಲಿದ್ದರು. ಆವಲಪ್ಪ ಹಿತ್ತಲಲ್ಲಿ ಹಾಲು ಕರೆಯುತ್ತಿದ್ದ. ಕೆರೆ ಏರಿ ಬರಿದಾಗಿತ್ತು.

“ಬ್ಯಾಟರಾಯಪ್ಪಾ…”

ಅದೇ ದನಿ. ಒಂದೇ ಸಲ. ಮುನಿಕೆಂಪಮ್ಮ ಗಂಡನ ಕಡೆ ತಿರುಗಿದಳು. ಅವನ ತುಟಿ ಆಡತೊಡಗಿತು. ಬಾಯಿ ಮುಚ್ಚೋಣವೆಂದು ಅವಳ ಕೈ ಮೇಲೆದ್ದಿತು. ಮೇಡಂ ಮಾತು ನೆನಪಾಗಿ ಕೈ ಕೆಳಗಿಟ್ಟು, ಕಾದಳು.

“ಬ…” ಎಂದ ಬ್ಯಾಟರಾಯಪ್ಪ. “ಬ… ಬರಲ್ಲ.” ಮತ್ತೆ, ಕೆರೆಯ ಕಡೆ ಕೋಲು ತೋರಿಸಿ: “ಓಗು.”

ಆಮೇಲೆ ಯಾರೂ ಕೂಗಲಿಲ್ಲ.

ಓದುವ ತಾಯಂದಿರೇ, ಅಣ್ಣಂದಿರೇ, ಇಷ್ಟು ಹೊತ್ತು ವಿಮಾನ, ಕಪ್ಪೆ ಎಲ್ಲ ಹಾರಿಸಿದ್ದಾಯಿತು. ಇನ್ನು ಹೇಳುವುದರಲ್ಲಿ ಒಂದು ಕಾಳೂ ಹೆಚ್ಚಿಲ್ಲ. ಯಾರದಾದರೂ ಬಾಯಿ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಒಯ್ಯಿರಿ. ಮಗುವಿಗೆ ಮಾತು ತಡವಾದರೆ ಮೊದಲು ಅದರ ಕಿವಿ ತೋರಿಸಿ. ಉಗ್ಗುವ ಮಗುವನ್ನು ಅಣಕಿಸಬೇಡಿ. ಬರೆ ಬೇಡ, ತಾಯಿತ ಬೇಡ. ಮಾತು ಕಲಿಸುವವರಿದ್ದಾರೆ, ಕೇಳಿಕೊಂಡು ಹೋಗಿ. ಮನೆಗೆ ಬಂದ ಮೇಲೆ ಎದುರು ಕೂತು, ಹೆಸರು ಹಿಡಿದು ಕರೆಯಿರಿ, ಕಾಯಿರಿ.

ನೀವು ಕರೆಯದಿದ್ದರೆ, ಬೇರೆ ಯಾರಾದರೂ ಕರೆದಾರು.